ಬೆರಳಿಟ್ಟ ಸಾಲು

ಇನ್ನಾಸಪ್ಪನವರು ತೀರಿಕೊಂಡ ಸುದ್ದಿ ಹಾನಗಲ್ಲಿಗೆ ಬಂದದ್ದು ಅವರದೇ ಫೋನಿನಿಂದ. ಆಗಸ್ಟ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ. ಹೆಂಡತಿ ಸಿಸಿಲವ್ವ ಹಿತ್ತಲ ಬಾಗಿಲಲ್ಲಿ ಕುಳಿತು ಹೆಸರುಕಾಯಿ ಬಿಡಿಸುತ್ತಿದ್ದಳು. ಫೋನಿನಲ್ಲಿ ಗಂಡನ ಚಿತ್ರ ಕಂಡಿತು. ಆಕೆ ಎತ್ತಿದವಳೇ, "ಎಲ್ಲಿಗೆ ಬಂದ್ರಿ? ತಿಳವಳ್ಳಿ ದಾಟಿದ್ರೇನು?" ಎಂದಳು.

ಉತ್ತರಿಸಿದ್ದು ಹೆಣ್ಣಿನ ದನಿ. "ಅವ್ವಾರ, ನಾನ್ರಿ, ಮಾಸೂರ ಶೀಲಾ. ಉಪದೇಶ್ಯಾರು ಕುಂತಲ್ಲೇ ಹೋಗಿಬಿಟ್ರು. ಡಾಕ್ಟರು ಬಂದು ನೋಡಿದ್ರು. ಜೀವ ಇಲ್ಲಂದ್ರು."

ಸಿಸಿಲವ್ವ ಅಳಲಿಲ್ಲ. ಆಕೆಯ ಬಾಯಿಂದ ಮೊದಲು ಬಂದದ್ದು ಒಂದು ಪ್ರಶ್ನೆ.

"ಆವಾಗ ಯಾರು ಓದಾಕತ್ತಿದ್ರು?"

"ನಾನ ಓದಾಕತ್ತಿದ್ದೆ ರೀ" ಎಂದಳು ಶೀಲಾ.

ಸಿಸಿಲವ್ವ ಫೋನನ್ನು ಮೊರದೊಳಗೆ, ಕಾಯಿಗಳ ನಡುವೆ ಇಟ್ಟಳು. ಪಕ್ಕದ ಮನೆಯ ಹಾಜರಾಬಿ ಗೋಡೆಯಾಚೆಯಿಂದ ನೋಡಿ ಓಡಿ ಬಂದಾಗಲೂ ಆಕೆ ಹೇಳಿದ್ದು ಅಷ್ಟೇ: "ಆಕಿ ಓದಾಕತ್ತಿದ್ಲಂತ."

ಇನ್ನಾಸಪ್ಪನವರು ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿದವರು. ನಿವೃತ್ತಿಯಾದ ಮೇಲೆ ಉಪದೇಶಿಯಾದರು. ಈ ಭಾಗದಲ್ಲಿ ಕಥೋಲಿಕರ ಮನೆಗಳು ಊರಿಗೆ ನಾಲ್ಕೋ ಐದೋ. ಗುರುಗಳು ತಿಂಗಳಿಗೊಮ್ಮೆ ಹೋಗಿ ಪೂಜೆ ಅರ್ಪಿಸಿ ಬರುತ್ತಾರೆ. ಉಳಿದ ದಿನಗಳಲ್ಲಿ ಜನರನ್ನು ಕೂಡಿಸಿ ಜಪ ಹೇಳಿಸುವವನು, ಮಕ್ಕಳಿಗೆ ಧರ್ಮ ಕಲಿಸುವವನು ಉಪದೇಶಿ. ಇನ್ನಾಸಪ್ಪನವರು ಸೋಮವಾರ ಶಿಗ್ಗಾಂವಿಗೆ, ಮಂಗಳವಾರ ಸವಣೂರಿಗೆ, ಗುರುವಾರ ಹಿರೇಕೆರೂರು ದಾಟಿ ಮಾಸೂರಿಗೆ ಹೋಗುವರು. ಪ್ರತಿ ಊರಿನಲ್ಲೂ ಒಂದು ಮನೆಯಲ್ಲಿ ಹತ್ತಾರು ಜನ ಸೇರುವರು. ಬರುವ ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳನ್ನು ಮೊದಲೇ ಓದಿ, ಅವುಗಳ ಅರ್ಥ ತಿಳಿದುಕೊಳ್ಳುವುದು ಅಲ್ಲಿನ ಪದ್ಧತಿ.

ಅವರು ಕಲಿಸುವ ರೀತಿಯಲ್ಲಿ ಬಸ್ಸಿನ ವಾಸನೆ ಇತ್ತು. "ಬಸ್ ಹತ್ತೂಕಿಂತ ಮೊದಲ ಬೋರ್ಡ್ ನೋಡ್ತೀರಿ ಹೌದಲ್ಲ? ಹಂಗ ಇದಕ್ಕೂ ಬೋರ್ಡ್ ನೋಡ್ರಿ. ಇದು ಹಾಡೋ, ಇತಿಹಾಸೋ, ಪತ್ರೋ, ಅಪ್ಪ ಮಗಗ ಹೇಳಿದ ಬುದ್ಧಿಮಾತೋ ಅಂತ. ನಡುವಿನ ಸ್ಟಾಪಿನ್ಯಾಗ ಇಳದು ಇದ ಊರು ಅನಬ್ಯಾಡ್ರಿ. ಮತ್ತ ಒಬ್ಬರ ಹೋಗಬ್ಯಾಡ್ರಿ. ಪುಸ್ತಕ ನಮ್ಮ ಕೈಗೆ ಬರೂಕಿಂತ ಮೊದಲ ಧರ್ಮಸಭೆ ಅನ್ನೂ ತಾಯಿ ಅದನ್ನ ಎದಿಯಾಗ ಇಟಗೊಂಡು ಸಾಕೇತಿ. ಆಕೀನ್ನ ಕೇಳಿ ಓದ್ರಿ" ಎನ್ನುವರು.

ಅವರಿಗೆ ಆಗದಿದ್ದ ಒಂದೇ ಸಂಗತಿ ಎಂದರೆ ಬೆರಳಿಡುವುದು. ಹಳೆಯ ಕಾಲದ ಹೆಂಗಸರಲ್ಲಿ ಈ ರೂಢಿ ಇತ್ತು. ಮನಸ್ಸಿಗೆ ಒಂದು ಕಷ್ಟ ಬಂದರೆ ಪವಿತ್ರಾತ್ಮನಿಗೆ ಪ್ರಾರ್ಥಿಸಿ, ಕಣ್ಣು ಮುಚ್ಚಿ, ಬೈಬಲ್ ತೆರೆದು ಬೆರಳಿಡುವುದು. ಬೆರಳಿನಡಿ ಸಿಕ್ಕ ಸಾಲೇ ದೇವರ ಉತ್ತರ ಎಂದು ತಿಳಿಯುವುದು. "ದೇವರು ಲಾಟರಿ ಅಂಗಡಿ ಇಟ್ಟಾನೇನು?" ಎಂದು ಅವರು ಗದರುವರು. ಯಲವಿಗಿಯಲ್ಲಿ ಒಬ್ಬನು ನೆರೆಯವನ ಎಮ್ಮೆ ಕೊಳ್ಳಬೇಕೋ ಬೇಡವೋ ಎಂದು ಬೆರಳಿಟ್ಟನಂತೆ. ನೆರೆಯವನ ಎತ್ತನ್ನೂ ಕತ್ತೆಯನ್ನೂ ಆಶಿಸಬೇಡ ಎಂಬ ಆಜ್ಞೆ ಸಿಕ್ಕಿತಂತೆ. "ಎಮ್ಮಿ ಹೆಸರು ಇದರಾಗ ಇಲ್ಲಲ್ಲ" ಎಂದು ಅವನು ಎಮ್ಮೆ ಕೊಂಡನಂತೆ. ಇದನ್ನು ಹೇಳಿ ಇನ್ನಾಸಪ್ಪನವರು ತಾವೇ ಮೊದಲು ನಗುವರು.

ಸಿಸಿಲವ್ವ ಈ ಮಾತುಗಳನ್ನು ಕೇಳಿದ್ದು ಹೆಚ್ಚಾಗಿ ಬೇರೆಯವರ ಬಾಯಿಂದ. ಮನೆಯಲ್ಲಿ ಅವರು ದಣಿದಿರುವರು. "ಗಂಟಲಾ ಸೋತೈತಿ, ನಾಳೆ ಓದೂಣು" ಎಂದು ಗೋಡೆಗೆ ಒರಗುವರು. ಮದುವೆಯಾದ ಹೊಸದರಲ್ಲಿ ಅವರು ಆಕೆಗೆ ಓದಲು ಕಲಿಸಹೋಗಿದ್ದರು. ಆಕೆ ನಾಲ್ಕನೆಯ ಇಯತ್ತೆ ಓದಿದವಳು. ಒತ್ತಕ್ಷರ ಬಂದಲ್ಲಿ ನಿಲ್ಲುವಳು. "ನನಗ ಯಾಕ್ರಿ, ನೀವು ಓದ್ರಿ, ನಾ ಕೇಳ್ತೇನಿ" ಎಂದು ನಕ್ಕು ಎದ್ದಿದ್ದಳು. ಅವರು ಇನ್ನೊಂದು ಸಲ ಕರೆದಿದ್ದರೆ ಕುಳಿತುಕೊಳ್ಳುತ್ತಿದ್ದಳು. ಅವರು ಕರೆಯಲಿಲ್ಲ.

ಶೀಲಾ ಮಾಸೂರಿನ ಟೇಲರ್. ಮನೆಯ ಮುಂದಿನ ಕೋಣೆಯಲ್ಲಿ ಕುಪ್ಪಸ ಹೊಲಿಯುವಳು. ಅವಳ ಗಂಡನ ಹೆಸರು ಸಂತಾನ; ಕೆರೆಯ ಕೆಳಗಿನ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹೊಡೆಯುವವನು, ನೆಟ್ಟಗಿನ ಮನುಷ್ಯ. ಆ ಮನೆಯ ಬಗ್ಗೆ ಯಾರೂ ಕೆಟ್ಟದ್ದು ಆಡಿದವರಿಲ್ಲ. ಸಿಸಿಲವ್ವನಿಗೂ ಅಂಥ ಅನುಮಾನ ಕನಸಿನಲ್ಲಿಯೂ ಇರಲಿಲ್ಲ. ಅನುಮಾನ ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆಕೆಯ ಹೊಟ್ಟೆಕಿಚ್ಚು ಬೇರೆ ಬಗೆಯದು. ಗುರುವಾರ ಸಂಜೆ ಗಂಡ ಚಪ್ಪಲಿ ಬಿಡುವ ಮೊದಲೇ, "ಇವತ್ತ ಶೀಲಾ ಏನ ಕೇಳಿದ್ಲು ಗೊತ್ತೇನು?" ಎಂದು ಶುರುಮಾಡುವರು. ಆ ಹೊತ್ತು ಅವರ ಮುಖದಲ್ಲಿ ದಣಿವು ಇರುತ್ತಿರಲಿಲ್ಲ. ಸಿಸಿಲವ್ವ ತಾಟು ಇಟ್ಟು, "ಸಾರಿಗೆ ಉಪ್ಪು ಸಾಕೇನು ನೋಡ್ರಿ" ಎನ್ನುವಳು.

ಶವ ಮಾಸೂರಿನಿಂದ ಬಂತು. ಮಣ್ಣಿನ ದಿನ ಊರೂರಿನವರು ಸೇರಿದರು. "ದೇವರ ವಾಕ್ಯ ಕೇಳ್ತಾ ಕೇಳ್ತಾ ಹೋದ್ರು, ಪುಣ್ಯವಂತರು" ಎಂದು ಒಬ್ಬರ ಹಿಂದೆ ಒಬ್ಬರು ಅಂದರು. ಅಂಗಳದಲ್ಲಿ ಹೆಂಗಸರು ಶೀಲಾಳನ್ನು ಸುತ್ತುವರಿದು ಕುಳಿತಿದ್ದರು. ಅವಳು ತಗ್ಗಿದ ದನಿಯಲ್ಲಿ ಕಡೆಯ ಗಳಿಗೆಯನ್ನು ಹೇಳುತ್ತಿದ್ದಳು. ಸಿಸಿಲವ್ವ ಶವದ ತಲೆಯ ಬಳಿಯಿಂದ ಎದ್ದು ಅಲ್ಲಿಗೆ ಹೋದಾಗ ಎಲ್ಲರೂ ಮಾತು ನಿಲ್ಲಿಸಿ ದಾರಿ ಬಿಟ್ಟರು. ಅದು ಮರ್ಯಾದೆ. ಆದರೆ ಆಕೆಗೆ, ತನ್ನ ಗಂಡನ ಸಾವು ತನಗೊಬ್ಬಳಿಗೇ ಮುಚ್ಚಿದ ಬಾಗಿಲು ಎಂದು ತೋರಿತು. ಸಮಾಧಿಯ ಬಳಿ ವಾಚನ ಓದಿದ್ದೂ ಶೀಲಾಳೇ. ಒಂದು ಅಕ್ಷರವೂ ನಡುಗಲಿಲ್ಲ. ಹೋಗುವಾಗ ಅವಳು ಇನ್ನಾಸಪ್ಪನವರ ಬೈಬಲನ್ನು ವಸ್ತ್ರದಲ್ಲಿ ಸುತ್ತಿ ಸಿಸಿಲವ್ವನ ಕೈಗೆ ಕೊಟ್ಟಳು.

ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳು ಮನೆಗೆ ಬಂದರು. ಚಿಕ್ಕ ವಯಸ್ಸಿನವರು, ದಕ್ಷಿಣದ ಕಡೆಯವರು. ಪುಸ್ತಕದ ಹಾಗೆ ಮಾತಾಡುವರು. "ಮುಂದಿನ ಭಾನುವಾರದ ಪೂಜೆಯನ್ನು ಇನ್ನಾಸಪ್ಪನವರ ಆತ್ಮಶಾಂತಿಗಾಗಿ ಅರ್ಪಿಸೋಣ. ಮಾಸೂರಿನವರೂ ಬರುತ್ತಾರೆ. ಮೊದಲನೆಯ ವಾಚನವನ್ನು ಶೀಲಾ ಓದಲಿ ಎಂದುಕೊಂಡಿದ್ದೇನೆ. ನಿಮ್ಮ ಒಪ್ಪಿಗೆ ಇದೆಯೇ, ಅಮ್ಮಾ?" ಎಂದು ಕೇಳಿದರು.

"ಹೇಳ್ತೇನ್ರಿ ಸ್ವಾಮ್ಯಾರ" ಎಂದಳು ಸಿಸಿಲವ್ವ.

ಅವರು ಹೋದ ಮೇಲೆ ಆಕೆ ಬೈಬಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಗಂಡನಿಗೆ ಆಗದ ಕೆಲಸ ಎಂದು ಗೊತ್ತಿತ್ತು. ಗಂಡ ಕೇಳುವಂತಿರಲಿಲ್ಲ. ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ, "ಆಕಿ ಓದಬೇಕೋ ಬ್ಯಾಡೋ ಹೇಳಪಾ" ಎಂದು ಬೇಡಿ ಪುಸ್ತಕ ತೆರೆದಳು. ಪುಟಗಳು ತಾವಾಗಿಯೇ ಬಿಚ್ಚಿಕೊಂಡವು. ಒಳಗಿಂದ ಯಾವುದೋ ಹಳೆಯ ಬಸ್ ಟಿಕೇಟು ಮಡಿಲಿಗೆ ಬಿತ್ತು. ಎಡಗಡೆಯ ಪುಟದ ಮೇಲೆ ಬೆರಳು ನಿಂತಿತು. ಅಕ್ಷರ ಅಕ್ಷರ ಕೂಡಿಸಿ ಓದಿದಳು: ಆಕೆಯ ಮನೆ ಪಾತಾಳಕ್ಕೆ ಹೋಗುವ ದಾರಿ.

ಮತ್ತೊಮ್ಮೆ ಓದಿದಳು. ಅವರು ಹೋದದ್ದು ಅವಳ ಮನೆಗೆ, ತಿರುಗಿ ಬರಲಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ದೇವರಿಗೂ ಆಗದು ಎಂದು ಆಕೆಗೆ ಅನ್ನಿಸಿತು. ಗಂಡ ಸತ್ತ ಮೇಲೆ ಮೊದಲ ಸಲ ಆಕೆಗೆ ಹಸಿವಾಯಿತು. ಎದ್ದು ಎರಡು ರೊಟ್ಟಿ ತಿಂದಳು.

ಹಾಜರಾಬಿಗೆ ತೋರಿಸಿದಾಗ ಅವಳು ಹುಬ್ಬು ಗಂಟಿಕ್ಕಿದಳು. "ನಮ್ಮಾಗೂ ಕೆಲವ್ರು ಹಿಂಗ ಫಾಲ್ ಅಂತ ಶಕುನ ತಗಸ್ತಾರವಾ. ನಮ್ಮ ಅಬ್ಬಾಗ ಗೊತ್ತಾದ್ರ ಕೋಲು ತಗೋತಿದ್ರು. ಅಲ್ಲವಾ ಸಿಸಿಲವ್ವಾ, ನಿನ್ನ ಗಂಡ ಬದುಕಿದ್ದಾಗ ಇರದ ಸವತಿ, ಸತ್ತ ಮ್ಯಾಲೆ ಎಲ್ಲಿಂದ ಬಂದ್ಲು?"

"ಸವತಿ ಅಂದ್ರ ಹಾಸಿಗ್ಯಾಗ ಇರಬೇಕಂತಿಲ್ಲ" ಎಂದಳು ಸಿಸಿಲವ್ವ.

ಮಂಗಳವಾರ ಆಕೆ ಬೈಬಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು. ಹೆಂಗಸರ ಉಚಿತ ಟಿಕೇಟಿಗೆ ಆಧಾರ್ ಕಾರ್ಡು ತೆಗೆಯಹೋದರೆ ಕಂಡಕ್ಟರು ಅಫ್ಜಲ ಕೈ ಅಡ್ಡ ಹಿಡಿದ. "ನಿಮ್ಮ ಗುರುತು ಕಾರ್ಡಿನ್ಯಾಗ ನೋಡಬೇಕೇನ್ರಿ ಅವ್ವಾ? ಸಾಹೇಬ್ರು ನನಗ ಕೆಲಸಾ ಕಲಿಸಿದವರು. ಎಲ್ಲಿಗೆ, ಮಾಸೂರಿಗೆ? ಆ ಟೇಲರ್ ಅಕ್ಕನ ಮನಿಗೇನು? ಗುರುವಾರ ವಾಪಸ್ ಬರೂವಾಗ ಸಾಹೇಬ್ರು ಹಾದಿ ತುಂಬ ಆ ಅಕ್ಕಂದ ಮಾತು. ಹಂಗ ಓದ್ತಾಳ, ಹಿಂಗ ಓದ್ತಾಳ. ನನಗೂ ಬಾಯಿಪಾಠ ಆಗೈತಿ."

ಸಿಸಿಲವ್ವ ಕಿಟಕಿಯ ಕಡೆ ತಿರುಗಿದಳು. ತಿಳವಳ್ಳಿಯ ಹೊಲಗಳಲ್ಲಿ ಗೋವಿನಜೋಳ ಆಳೆತ್ತರ ನಿಂತಿತ್ತು. ಅವರು ವಾರವಾರವೂ ನೋಡುತ್ತ ಹೋದ ದಾರಿ ಇದು. ಆಕೆ ನೋಡುತ್ತಿರುವುದು ಇದೇ ಮೊದಲು.

ಶೀಲಾ ಹೊಲಿಗೆ ಬಿಟ್ಟು ಎದ್ದು ಬಂದು ಕಾಲಿಗೆ ನಮಸ್ಕರಿಸಿದಳು. "ಬರ್ರಿ ಅವ್ವಾರ, ಕುಂದರ್ರಿ. ಒಬ್ಬರ ಬಂದ್ರೇನು? ಫೋನ್ ಮಾಡಿದ್ರ ಇವರು ಹಿರೇಕೆರೂರಿಗೆ ಬರ್ತಿದ್ರು."

ಗೋಡೆಯ ಮೇಲೆ ಯೇಸುಸ್ವಾಮಿಯ ತಿರುಹೃದಯದ ಚಿತ್ರ, ಎದೆಯ ಮೇಲೆ ಉರಿಯುವ ಹೃದಯ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮುಂದೆ ಮೇಣದ ಬತ್ತಿ, ಅದರ ಕೈಯ ಮೇಲೆ ಒಂದು ಮೊಳ ಮಲ್ಲಿಗೆ. ಅವರು ಕಡೆಯ ಸಲ ಕುಳಿತದ್ದು ಅಲ್ಲೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಾನಗಲ್ಲಿನ ಮನೆಯಲ್ಲಿ ಅವರು ಕೂರುತ್ತಿದ್ದ ಕುರ್ಚಿಯ ಮೇಲೆ ಒಣಗಿದ ಬಟ್ಟೆಗಳು ರಾಶಿ ಬಿದ್ದಿದ್ದವು. ತನಗೆ ಇದು ಹೊಳೆಯಲಿಲ್ಲವಲ್ಲ, ಇವಳಿಗೆ ಹೊಳೆಯಿತಲ್ಲ ಎಂದು ಸಿಸಿಲವ್ವನ ಎದೆ ಉರಿಯಿತು. ಚಹ ಬಂತು. ಕುಡಿದಳು. ಬಟ್ಟಲು ಕೆಳಗಿಟ್ಟು ಬೈಬಲ್ ತೆಗೆದಳು.

"ನಿನ್ನ ಬಗ್ಗೆ ದೇವರ ವಾಕ್ಯ ಬಂದೈತಿ. ಓದ್ಲಿ?"

ಬೆರಳಿಟ್ಟು ಆ ಸಾಲನ್ನು ನಿಧಾನವಾಗಿ ಓದಿದಳು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಶೀಲಾಳ ಮುಖದ ಬಣ್ಣ ಇಳಿಯಿತು. "ಇದು ನನಗಂತ ಬಂದದ್ದೇನ್ರಿ?"

"ನಾ ಕಣ್ಣ ಮುಚ್ಚಿ ಬೆರಳಿಟ್ಟಿದ್ದೆ. ಬೆರಳಿಗೆ ಕಣ್ಣಿಲ್ಲ."

ಶೀಲಾ ವಾದ ಮಾಡುವಳು, ಇನ್ನಾಸಪ್ಪನವರಿಂದ ಕಲಿತದ್ದನ್ನೆಲ್ಲ ತನ್ನ ಮೇಲೆ ಎಸೆಯುವಳು ಎಂದು ಸಿಸಿಲವ್ವ ಕಾದಿದ್ದಳು. ಶೀಲಾ ಹಾಗೆ ಮಾಡಲಿಲ್ಲ. ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಮ್ಮವ್ವನೂ ಹಿಂಗ ಬೆರಳಿಡ್ತಿದ್ಲು ರೀ" ಎಂದಳು. "ಆ ದಿನದಿಂದ ನನಗೂ ಅದ ಚಿಂತಿ. ಬಿಸಿಲಾಗ ಅವರನ್ನ ಇಷ್ಟು ದೂರ ಕರಿಸಿಕೊಂಡವರು ನಾವ. ನಮ್ಮ ಮನಿಗೆ ಬರದಿದ್ರ ಉಳೀತಿದ್ರೋ ಏನೋ ಅಂತ. ದೇವರ ಅಂದ ಮ್ಯಾಲೆ ಮುಗೀತ ಬಿಡ್ರಿ. ಇನ್ನ ನಾ ಓದಂಗಿಲ್ಲ. ಇಲ್ಲಿ ಮಂದಿನೂ ಕೂಡ್ಸಂಗಿಲ್ಲ."

ಇಷ್ಟು ಸುಲಭವಾಗಿ ಗೆಲ್ಲುವೆನೆಂದು ಸಿಸಿಲವ್ವ ಎಣಿಸಿರಲಿಲ್ಲ. ಗೆದ್ದ ಮೇಲೆ ತನಗೆ ನಿಜವಾಗಿ ಬೇಕಾದದ್ದನ್ನು ಕೇಳಿದಳು. "ಅದಿರಲಿ. ಕಡೀಕ ಅವರು ಏನಂದ್ರು? ಏನರ ಅಂದಿರಬೇಕಲ್ಲ?"

ಶೀಲಾ ಆಕೆಯನ್ನು ನೋಡಿದಳು. "ಪಾತಾಳದ ದಾರ್ಯಾಗ ಆಡಿದ ಮಾತು ನಿಮಗ್ಯಾಕ್ರಿ ಅವ್ವಾರ?" ಎಂದು ಹೇಳಿ ಮಷಿನ್ನಿನ ಮುಂದೆ ಹೋಗಿ ಕುಳಿತಳು.

ಒಳಗಿನಿಂದ ಸಂತಾನ ಎಲ್ಲ ಕೇಳಿದ್ದ. ಅವನು ಹೊರಗೆ ಬಂದು, ದನಿ ಏರಿಸದೆ, "ನಡ್ರಿ, ಬಸ್ಸಿಗೆ ಬಿಟ್ಟು ಬರ್ತೇನಿ. ಒಂದು ಮಾತು ಕೇಳ್ಲೇನು? ಪಾತಾಳದ ಮನೀ ಚಾಕ್ಕ ಸಕ್ರಿ ಸರಿಯಿತ್ತಿಲ್ಲ?" ಎಂದ. ಬಸ್ ನಿಲ್ದಾಣಕ್ಕೆ ಬಿಟ್ಟು ಬಂದ.

ಗುರುವಾರ ಹದಿನೈದನೆಯ ತಾರೀಖು. ಬೆಳಿಗ್ಗೆ ಧ್ವಜ ಏರಿಸಿದರು, ಆಮೇಲೆ ಮಾತೆ ಮರಿಯಮ್ಮನವರ ಹಬ್ಬದ ಪೂಜೆ. ಪೂಜೆಯಾದ ಮೇಲೆ ಗುರುಗಳು ಸಿಸಿಲವ್ವನನ್ನು ಪಕ್ಕಕ್ಕೆ ಕರೆದರು.

"ಶೀಲಾ ಓದುವುದಿಲ್ಲವಂತೆ, ಅಮ್ಮಾ. ಮಾಸೂರಿನ ಕೂಟವನ್ನೂ ನಿಲ್ಲಿಸಿದ್ದಾರೆ. ದೇವರ ಅಪ್ಪಣೆಯಾಗಿದೆ ಎಂದಷ್ಟೇ ಹೇಳುತ್ತಾರೆ. ನಿಮಗೇನಾದರೂ ಗೊತ್ತೆ?"

ಸುಳ್ಳು ಹೇಳುವ ಅಭ್ಯಾಸ ಆಕೆಗಿರಲಿಲ್ಲ. ಬೆರಳಿಟ್ಟದ್ದು, ಸಿಕ್ಕ ಸಾಲು, ಮಾಸೂರಿಗೆ ಹೋದದ್ದು ಎಲ್ಲ ಹೇಳಿದಳು. ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು. ಗುರುಗಳು ಸಿಟ್ಟಾಗಲಿಲ್ಲ.

"ಆ ಸಾಲಿನ ಹಿಂದೆ ಏನಿದೆ, ಮುಂದೆ ಏನಿದೆ, ಓದಿದಿರಾ?"

"ಇಲ್ರಿ."

"ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಪ್ರೀತಿ ಹೆಚ್ಚಿತೋ, ಕಡಿಮೆಯಾಯಿತೋ?"

ಸಿಸಿಲವ್ವ ಸ್ವಲ್ಪ ಯೋಚಿಸಿದಳು. "ಕಡಿಮಿ ಆತ್ರಿ."

"ಹಾಗಾದರೆ ಓದು ಇನ್ನೂ ಮುಗಿದಿಲ್ಲ ಎಂದು ತಿಳಿಯಿರಿ. ಈ ಭಾನುವಾರ ಧರ್ಮಸಭೆ ನಮಗೆ ಕೊಟ್ಟಿರುವ ಮೊದಲ ವಾಚನ ಅದೇ ಗ್ರಂಥದ್ದು; ನಿಮ್ಮ ಸಾಲು ಏಳನೆಯ ಅಧ್ಯಾಯದ್ದು, ಇದು ಒಂಬತ್ತನೆಯ ಅಧ್ಯಾಯ. ಇನ್ನಾಸಪ್ಪನವರು ಒಂದು ವಾರ ಮೊದಲೇ ತೆಗೆದು ನೋಡುವವರು. ಪುಸ್ತಕ ಅಲ್ಲೇ ತೆರೆದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ."

ಮಡಿಲಿಗೆ ಬಿದ್ದ ಟಿಕೇಟು ಆಕೆಯ ನೆನಪಿಗೆ ಬಂತು. ಅದು ಅವರು ಇಟ್ಟ ಗುರುತು. ಅವರು ಮುಂದಿನ ವಾರಕ್ಕೆಂದು ಬಲಗಡೆಯ ಪುಟ ಓದುತ್ತಿದ್ದರು. ಆಕೆಯ ಬೆರಳು ಎಡಗಡೆಗೆ ಬಿದ್ದಿತ್ತು. ಮನೆಗೆ ಬರುವವರೆಗೂ ಆಕೆಗೆ ಬೇರೆ ಯೋಚನೆ ಹತ್ತಲಿಲ್ಲ. ದೇವರು ತನ್ನೊಡನೆ ಮಾತಾಡಿದನೆಂಬ ಒಂದೇ ಸುಖ ಉಳಿದಿತ್ತು. ಅದೂ ಹೋಯಿತು. ಶೀಲಾಳೊಡನೆ ಗಂಡ ಮಾತಾಡಿದ್ದ, ತನ್ನೊಡನೆ ದೇವರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಓದಲು ಕುಳಿತಳು. ಒಲೆ ಹಚ್ಚಲಿಲ್ಲ. ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಏಳನೆಯ ಅಧ್ಯಾಯದ ಮೊದಲಿನಿಂದ ಹಿಡಿದಳು. ಮಗನೇ, ಎಂದು ಶುರುವಾಗಿತ್ತು. ಒಬ್ಬ ತಂದೆ ಮಗನಿಗೆ ಹೇಳುವ ಬುದ್ಧಿಮಾತು. ಹಾಳು ದಾರಿಗೆ ಹೋದ ಒಬ್ಬ ತರುಣನ ಕಥೆ. ಅಲ್ಲಿ ಮಾಸೂರು ಇರಲಿಲ್ಲ, ಹೊಲಿಗೆ ಮಷಿನ್ನು ಇರಲಿಲ್ಲ, ವಯಸ್ಸಾದ ಉಪದೇಶಿ ಇರಲಿಲ್ಲ. ಎಂಟನೆಯ ಅಧ್ಯಾಯದಲ್ಲಿ ಇನ್ನೊಬ್ಬಳು ಬಂದಳು. ಅವಳ ಹೆಸರು ಜ್ಞಾನ. ಊರಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುವವಳು. ಒಂಬತ್ತರಲ್ಲಿ ಅವಳಿಗೂ ಒಂದು ಮನೆ. ಏಳು ಕಂಬದ ಮನೆ ಕಟ್ಟಿ, ಅಡುಗೆ ಮಾಡಿ, ಪಂಕ್ತಿ ಸಿದ್ಧಮಾಡಿ, ಬನ್ನಿ, ನನ್ನ ರೊಟ್ಟಿ ತಿನ್ನಿರಿ, ಬದುಕಿಕೊಳ್ಳಿರಿ ಎಂದು ಕರೆಯುತ್ತಿದ್ದಳು. ಇಲ್ಲಿಗೆ ಬರುವಷ್ಟರಲ್ಲಿ ಹಾಜರಾಬಿ ಎರಡು ಸಲ ಇಣುಕಿ ಹೋಗಿದ್ದಳು.

"ಏನಂತವಾ ಪುಸ್ತಕ?" ಎಂದಳು ಮೂರನೆಯ ಸಲ ಬಂದು.

"ಎರಡು ಮನಿ ಅದಾವು" ಎಂದಳು ಸಿಸಿಲವ್ವ. "ನಾ ಒಂದರಾಗ ಇಳದುಬಿಟ್ಟಿದ್ದೆ."

"ಶೀಲಾಂದು ಯಾವುದಂತ?"

"ಅದನ್ನ ಬರದಿಲ್ಲ. ಬರದಿಟ್ಟಿದ್ರ ಪಾಡಿತ್ತು."

ಅಳು ಬಂದದ್ದು ಆಗ. ತಪ್ಪು ಮಾಡಿದೆನೆಂಬ ಅಳು ಅರ್ಧ. ಉಳಿದರ್ಧ ಬೇರೆ: ಇಷ್ಟು ಒಳ್ಳೆಯ ಮಾತು ಈ ಮನೆಯ ಕಪಾಟಿನಲ್ಲಿ ಇಷ್ಟು ವರ್ಷ ಇತ್ತು. ಅವರು ಅದನ್ನು ಊರೂರಿಗೆ ಹೊತ್ತು ಹಂಚಿದರು. ಹೆಂಡತಿ ಕಟ್ಟಿಕೊಟ್ಟ ಬುತ್ತಿಯ ಜೊತೆಗೇ ಹೊತ್ತರು. ಬುತ್ತಿ ಕಟ್ಟಿದವಳನ್ನು ಕೂರಿಸಿ ಇದನ್ನು ಓದಿ ಹೇಳಲಿಲ್ಲ.

ಶನಿವಾರ ಆಕೆ ಮತ್ತೆ ಮಾಸೂರಿಗೆ ಹೋದಳು. ಸಂತಾನ ಬಾಗಿಲಲ್ಲೇ ಇದ್ದ. "ಇವತ್ತ ಯಾವ ವಾಕ್ಯ ತಂದೀರಿ?" ಎಂದ.

"ಉಳಿದದ್ದನ್ನ ತಂದೇನಿ. ದಾರಿ ಬಿಡಪಾ."

ಶೀಲಾ ಎದ್ದು ನಿಂತಳು, ಕುಳಿತುಕೊಳ್ಳಿ ಎನ್ನಲಿಲ್ಲ. ಸಿಸಿಲವ್ವ ನೆಲದ ಮೇಲೆ ಕುಳಿತು ಪುಸ್ತಕ ಬಿಚ್ಚಿದಳು. "ನಾ ನಿನಗ ನಡುವಿನ ಸಾಲು ಓದಿ ಹೋಗಿದ್ದೆ. ಈಗ ಮೊದಲಿಂದ ಓದ್ತೇನಿ. ತಪ್ಪಿದ್ರ ತಿದ್ದು."

ಓದಲು ಬಹಳ ಹೊತ್ತು ಹಿಡಿಯಿತು. ಏಳು ಮುಗಿಯುವಷ್ಟರಲ್ಲಿ ಶೀಲಾ ಎದುರಿಗೆ ಕುಳಿತಿದ್ದಳು. ಎಂಟರಲ್ಲಿ ಒಂದು ದೊಡ್ಡ ಶಬ್ದದ ಮುಂದೆ ಸಿಸಿಲವ್ವ ನಿಂತಾಗ ಶೀಲಾ ಬಗ್ಗಿ, ಮೆಲ್ಲನೆ, ಅದನ್ನು ಬಿಡಿಸಿ ಹೇಳಿದಳು. ಹೇಳಿ, ಹೆಬ್ಬೆರಳಿನಿಂದ ಮೂಗಿನ ತುದಿ ಒರೆಸಿಕೊಂಡಳು. ಅದು ಇನ್ನಾಸಪ್ಪನವರ ಚಾಳಿ. ಅವರ ಚಾಳಿಯನ್ನೂ ಇವಳು ಇಟ್ಟುಕೊಂಡಿದ್ದಾಳೆ ಎಂದುಕೊಂಡಳು ಸಿಸಿಲವ್ವ. ಪುಸ್ತಕ ಮುಚ್ಚಿ ಎದ್ದುಬಿಡೋಣವೆನ್ನಿಸಿತು. ಎದ್ದರೆ ಮತ್ತೆ ನಡುವಿನ ಸ್ಟಾಪಿನಲ್ಲಿ ಇಳಿದಂತೆ. ಆಕೆ ಓದುತ್ತ ಹೋದಳು.

ಒಂಬತ್ತು ಬಂತು. ರೊಟ್ಟಿ ತಿನ್ನಲು ಕರೆಯುವ ಮಾತಿನವರೆಗೆ ಓದಿ ನಿಲ್ಲಿಸಿದಳು.

"ಇದು ನಾಳಿನ ವಾಚನ. ನೀ ಓದಬೇಕು. ಬೆರಳಿಟ್ಟದ್ದು ನಾನು, ದೇವರಲ್ಲ. ನಿನ್ನ ಮನ್ಯಾಗ ಅವರು ಸತ್ರು, ನಿನ್ನ ಮನೀ ಸಲುವಾಗಿ ಸಾಯಲಿಲ್ಲ. ಇಷ್ಟು ಹೇಳಾಕ ಬಂದೆ."

ಶೀಲಾ ಅತ್ತಳು. ಸಂತಾನ ಒಳಗೆ ಹೋಗಿ ಚಹಕ್ಕೆ ಇಟ್ಟ; ಪಾತ್ರೆಯ ಸಪ್ಪಳ ಕೇಳಿಸಿತು. ಅಳು ನಿಂತ ಮೇಲೆ ಶೀಲಾಳೇ ಬಾಯಿ ತೆರೆದಳು.

"ಅವ್ವಾರ, ಅವತ್ತ ನೀವು ಕೇಳಿದ್ರಿ. ನಾ ಹೇಳದಿದ್ದದ್ದು ಸಿಟ್ಟಿನಿಂದ ಅಷ್ಟ ಅಲ್ಲ. ಮಣ್ಣಿನ ದಿನಾನೂ ನಿಮ್ಮ ಮುಂದ ಬಾಯಿ ಬರಲಿಲ್ಲ."

"ಈಗ ಹೇಳು."

"ಎಲೀಯ ಪ್ರವಾದಿ ದಣದು ಗಿಡದ ಬುಡಕ ಮಲಗಿದ್ದನ್ನ ಓದಾಕತ್ತಿದ್ದೆ. ಸಾಕು, ನನ್ನ ಜೀವಾ ತಗೋ ಅಂತ ಅಂವ ದೇವರಿಗೆ ಹೇಳ್ತಾನಲ್ರಿ, ಅಲ್ಲಿ. ನನಗ ಗಿರಾಕಿ ಕಾದಿದ್ರು, ಅವಸರದಾಗ ಓದಿದೆ. ಉಪದೇಶ್ಯಾರು ಕೈ ಎತ್ತಿದ್ರು. ಶೀಲಾ, ಸಾವಕಾಶ, ಅಂವ ದಣದಾನ, ಅಂದ್ರು. ನಾ ತಿರುಗಿ ಸಾವಕಾಶ ಓದಿದೆ. ದೂತ ಬಂದು, ಎದ್ದು ಊಟಾ ಮಾಡು, ಹಾದಿ ದೂರ ಐತಿ, ಅನ್ನೂತನಕ ಓದಿ ತಲಿ ಎತ್ತಿದ್ರ, ಅವರು ಕಣ್ಣ ಮುಚ್ಚಿದ್ರು. ಕೇಳಾಕತ್ತಾರ ಅಂತ ನಾ ಮುಂದ ಓದಿದೆ ರೀ."

ಸಿಸಿಲವ್ವ ಕುರ್ಚಿಯನ್ನು ನೋಡಿದಳು. ಕಡೆಯ ಮಾತು ಸಿಕ್ಕಿತು. ಅದರಲ್ಲಿ ಒಂದು ಹೆಸರಿತ್ತು. ಅದು ತನ್ನ ಹೆಸರಲ್ಲ.

"ನನ್ನ ಹೆಸರ ಹೇಳಿದ್ರು ಅಂತ ಸುಳ್ಳು ಹೇಳಬಹುದಿತ್ತಲ್ಲ ನೀನು" ಎಂದಳು.

"ಹೇಳ್ಬೇಕಂತ ಭಾಳ ಅನ್ನಿಸ್ತ್ರಿ. ಇದನ್ನ ಓದೋ ಬಾಯಿಲೆ ಅದನ್ನ ಹೆಂಗ ಹೇಳ್ಲಿ?"

"ಹೇಳಿದ್ರ ನಂಬ್ತಿದ್ದೆ" ಎಂದಳು ಸಿಸಿಲವ್ವ. ಚಹ ಬಂತು. ಇಬ್ಬರೂ ಕುಡಿದರು.

ಭಾನುವಾರ ಹಾನಗಲ್ಲಿನ ಸಣ್ಣ ದೇವಾಲಯ ತುಂಬಿತ್ತು. ಶಿಗ್ಗಾಂವಿ, ಸವಣೂರು, ಮಾಸೂರಿನವರೆಲ್ಲ ಬಂದಿದ್ದರು. ಶೀಲಾ ಮುಂದೆ ಹೋಗಿ ಓದಿದಳು. ಅವಸರವಿಲ್ಲದೆ, ಒಂದೊಂದು ಮಾತೂ ಹಿಂದಿನ ಸಾಲಿನ ಕಿವುಡು ಮುದುಕನಿಗೂ ಮುಟ್ಟುವಂತೆ ಓದಿದಳು. ಜ್ಞಾನದ ಮನೆಯ ಆ ಊಟವನ್ನು ಧರ್ಮಸಭೆ ಈ ಪೀಠದ ಮೇಲಿನ ಊಟದೊಡನೆ, ಎಂದರೆ ಪರಮಪ್ರಸಾದದೊಡನೆ, ಕೂಡಿಸಿ ಓದುತ್ತದೆ ಎಂದು ಗುರುಗಳು ವಿವರಿಸಿದರು. ಸಿಸಿಲವ್ವ ಮೊದಲನೆಯ ಸಾಲಿನಲ್ಲಿ ಕುಳಿತು ಎಲ್ಲ ಕೇಳಿದಳು. ಹಿಂದಿನಿಂದ ಯಾರೋ, "ಥೇಟ್ ಇನ್ನಾಸಪ್ಪನವರು ಓದಿದಂಗ" ಎಂದರು. ಆಕೆಯ ಎದೆಯಲ್ಲಿ ಚುಚ್ಚಿದ್ದು ಚುಚ್ಚಿಯೇ ಇತ್ತು. ಪರಮಪ್ರಸಾದ ಸ್ವೀಕರಿಸಿ ಬಂದು ಮೊಣಕಾಲೂರಿ, ಕಣ್ಣು ಮುಚ್ಚಿ, ತುಟಿ ಮಾತ್ರ ಆಡಿಸಿ ಪ್ರಾರ್ಥಿಸಿದಳು.

"ಸರ್ವೇಶ್ವರಾ, ನನ್ನ ಗಂಡ ನಿನ್ನ ಮಾತನ್ನು ಹೊತ್ತು ಬಿಸಿಲಲ್ಲಿ, ಮಳೆಯಲ್ಲಿ ತಿರುಗಿದವರು. ಬಹಳ ದಣಿದಿದ್ದಾರೆ. ಅವರನ್ನು ನಿನ್ನ ನೆರಳಲ್ಲಿ ಮಲಗಿಸು. ಅವರಲ್ಲಿ ಕುಂದುಕೊರತೆ ಉಳಿದಿದ್ದರೆ ಅದನ್ನು ತೊಳೆ. ಅವರು ನನಗೆ ಓದಿ ಹೇಳದೆ ಹೋದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ, ಅದು ನನ್ನ ಅವರ ನಡುವಿನ ಮಾತು. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅದು ನನ್ನಲ್ಲಿಯೇ ಇರಲಿ. ಅದರ ಹೊಗೆ ಅವರು ಮಲಗಿರುವಲ್ಲಿಗೆ ಹೋಗದಿರಲಿ. ಅವರ ಕಣ್ಣಿಗೆ ನಿನ್ನ ಬೆಳಕು ಬೀಳಲಿ. ಅವರ ಆತ್ಮಕ್ಕೆ ಶಾಂತಿ ಕೊಡು, ಸ್ವಾಮಿ. ಆಮೆನ್."